ಮೂರು ತಾಲ್ಲೂಕಿನ ಒಂದು ಜ್ವರ

ಹದಿಮೂರು ದಿನ ಮುಗಿದು, ನೆಂಟರು ಪಾತ್ರೆ ತೊಳೆದಿಟ್ಟು ಹೋದ ಮಾರನೇ ಬೆಳಿಗ್ಗೆ. ಒಬ್ಬಳಿಗೆ ಎಷ್ಟು ಚಹಾಪುಡಿ ಹಾಕಬೇಕೆಂದು ಪ್ರತಿಭಾ ಯೋಚಿಸುತ್ತಿದ್ದಾಗ ಆಶಾ ಕಾರ್ಯಕರ್ತೆ ದೇವಕಿ ಪಟ್ಟಿ ಹಿಡಿದು ಬಂದಳು. ಸೋಮವಾರ, ಕಾನಸೂರಿನ ಮನೆಮನೆಯ ಜ್ವರ ಬರೆದು ಕಳಿಸುವ ದಿನ.

"ಬೇಜಾರು ಮಾಡ್ಕಳಡ ತಂಗಿ. ನಿಮ್ಮನೇಲಿ ಈಗ ಜ್ವರ ಯಾರಿಗೂ ಇಲ್ಲೆ ಅಲ್ದಾ?"

"ಈಗ ಇಲ್ಲೆ."

ದೇವಕಿ ಸೊನ್ನೆ ಬರೆದಳು. ಹಾಳೆ ತಿರುವಿ ನೋಡಿದರೆ ಹಿಂದಿನ ವಾರಗಳಲ್ಲೂ ಸೊನ್ನೆಯೇ. ಲೈನ್‌ಮನ್ ಆಗಿದ್ದ ಪ್ರತಿಭಾಳ ಗಂಡ ರವೀಂದ್ರ ಮಾಗೋಡಿನ ಕಾಡಿನಲ್ಲಿ ತಂತಿ ಎಳೆಯುವಾಗ ಉಣುಗಿನಿಂದ ಕಚ್ಚಿಸಿಕೊಂಡು, ಮಂಗನ ಕಾಯಿಲೆಯಿಂದ ಶಿರಸಿಯ ಆಸ್ಪತ್ರೆಯಲ್ಲಿ ಸತ್ತಿದ್ದ. ಆದರೆ ಆ ಸೋಮವಾರಗಳಂದು ಅವನು ಮನೆಯಲ್ಲಿರಲಿಲ್ಲವಲ್ಲ.

ಕಾಯಿಲೆ ಲೆಕ್ಕಕ್ಕೆ ಬಾರದೆ, ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆ ಮಾಗೋಡಿಗೆ ಹೋಗುವುದಿಲ್ಲ ಎಂದು ದೇವಕಿಯೇ ಹೇಳಿದಳು. ರವೀಂದ್ರನ ಜೊತೆಗಾರ ಮುನಾಫ್ ಇನ್ನೂ ಅದೇ ತಂತಿಯ ಕೆಳಗೆ ಪೊದೆ ಕಡಿಯುತ್ತಿದ್ದ. ಪ್ರತಿಭಾ ಮುನಾಫನಿಗೆ ಹಿಂದಿರುಗಿಸಬೇಕಾದ್ದನ್ನು ಚೀಲಕ್ಕೆ ಹಾಕಿಕೊಂಡು, ಗಂಡನ ರಕ್ತದ ವರದಿ ಹಿಡಿದು ಬಸ್ಸು ಹತ್ತಿದಳು.

ಸಿದ್ದಾಪುರದ ಆರೋಗ್ಯ ಕಚೇರಿಯಲ್ಲಿ ತಾಲ್ಲೂಕಿನ ಜ್ವರ ಬರೆದುಕೊಳ್ಳುವ ಉಲ್ಲಾಸ, ಬದನೆಕಾಯಿಯಲ್ಲಿ ಹುಳು ಹುಡುಕುವವನಂತೆ ವರದಿಯನ್ನು ತಿರುಗಿಸಿ ನೋಡಿದ. ಸತ್ತದ್ದು ಶಿರಸಿಯಲ್ಲಿ, ಅಲ್ಲೇ ಬರೆಸಿ ಎಂದ.

ಶಿರಸಿಯಲ್ಲಿ ಅದೇ ಕೆಲಸದ ಮಮತಾ ಇನ್ನೂ ಮೃದುವಾಗಿ ಹೇಳಿದಳು. "ಮನೆ ಸಿದ್ದಾಪುರ ತಾಲ್ಲೂಕು, ಕಚ್ಚಿದ್ದು ಯಲ್ಲಾಪುರದಲ್ಲಿ. ನಮ್ದು ಎಂತ ಇದ್ದು ಅಕ್ಕ, ಬರೀ ಮಂಚ."

ಸಾಲಿನಲ್ಲಿದ್ದ ಹಿರಿಯರೊಬ್ಬರು ಉಣುಗಿನ ಊರು ಯಾವುದೆಂದು ಮೊದಲು ವಿಚಾರಿಸಬೇಕೆಂದರು. ಕಾಡಿನ ಗಡಿ ಅದಕ್ಕೆ ತಿಳಿದಿರುತ್ತದೆಯೇ ಎಂದು ಇನ್ನೊಬ್ಬರಿಗೆ ಅನುಮಾನ. ಚರ್ಚೆ ನಡೆಯುತ್ತಿರುವಾಗಲೇ ಪ್ರತಿಭಾ ಯಲ್ಲಾಪುರದ ಬಸ್ಸಿನಲ್ಲಿದ್ದಳು.

ಅಲ್ಲಿದ್ದವರು ಹಾವೇರಿ ಕಡೆಯ ಶಿವಲಿಂಗಪ್ಪ. "ಬರ್ರಿ, ಕುಂದರ್ರಿ. ಕಚ್ಚಿದ್ದು ನಮ್ಮ ಉಣುಗು ಅಂದಮ್ಯಾಲೆ ಲೆಕ್ಕಾನೂ ನಮ್ಮದ ಆತಲ್ರಿ," ಎಂದು ಕಂಪ್ಯೂಟರಿಗೆ ಏರಿಸಿಯೇಬಿಟ್ಟರು. ಹದಿನಾಲ್ಕು ದಿನಗಳಲ್ಲಿ ಮೊದಲ ಸಲ ಪ್ರತಿಭಾಳಿಗೆ ಹಸಿವಾಯಿತು. ಎದುರಿನ ಹೋಟೆಲಿನಲ್ಲಿ ಎರಡು ಬನ್ಸ್ ತಿಂದು, ಎಣ್ಣೆ ಯಾವಾಗ ಬರುತ್ತದೆಂದು ಕೇಳಲು ಮರಳಿದಳು.

ಶಿವಲಿಂಗಪ್ಪ ಕಂಪ್ಯೂಟರಿನ ಪರದೆಯನ್ನು ಅವಳತ್ತ ತಿರುಗಿಸಿದರು. ಅಳದೆ ನಿಂತು, ಅಳದೆ ಹೋದ ಹೆಂಗಸನ್ನು ಕಂಡು ಸಿದ್ದಾಪುರದ ಉಲ್ಲಾಸನಿಗೂ ಶಿರಸಿಯ ಮಮತಾಳಿಗೂ ಆಮೇಲೆ ಮನಸ್ಸು ಕರಗಿತ್ತಂತೆ. ಒಬ್ಬರಿಗೊಬ್ಬರು ಹೇಳದೆ ಇಬ್ಬರೂ ರವೀಂದ್ರನ ಹೆಸರು ಏರಿಸಿದ್ದರು.

"ಒಂದ ಹೆಸರು ಮೂರು ತಾಲ್ಲೂಕಿನಾಗ ಸತ್ತೈತಿ. ಡೂಪ್ಲಿಕೇಟ್ ಅಂತ ಮ್ಯಾಲಿನವರು ಮೂರೂ ಅಳಿಸ್ಯಾರ್ರಿ."

"ಒಂದಾದರೂ ಉಳಿಸಬಹುದಿತ್ತಲ್ಲ?"

"ಯಾವುದು ಖರೇದ್ದು ಅಂತ ಅವರಿಗೆ ಹ್ಯಾಂಗ ಗೊತ್ತಾಗಬೇಕ್ರಿ?"

ಆ ವಾರ ಮೂರೂ ತಾಲ್ಲೂಕಿನಿಂದ ಸೊನ್ನೆ ಹೋಯಿತು.

ಅಂದೇ ಸಂಜೆ ಮಾಗೋಡಿನ ರಸ್ತೆಯಲ್ಲಿ ಕೆಲಸ ಬಿಟ್ಟು ಬರುತ್ತಿದ್ದ ಮುನಾಫ್ ಸಿಕ್ಕಿದ. ಕಾಲಲ್ಲಿ ಹವಾಯಿ ಚಪ್ಪಲಿ. ಎಣ್ಣೆ ಬಂತೇ ಎಂದು ಅವನು ಕೇಳಿದ. ಪ್ರತಿಭಾ ಚೀಲದಿಂದ ಉದ್ದನೆಯ ಬೂಟುಗಳನ್ನು ತೆಗೆದಳು. ತನ್ನವು ಹರಿದಿವೆಯೆಂದು ರವೀಂದ್ರ ಎರಡು ದಿನದ ಮಟ್ಟಿಗೆ ಮುನಾಫನಿಂದ ಕೇಳಿ ತಂದಿದ್ದ ಬೂಟುಗಳು ಅವು.

"ಇದು ನಿಮ್ದು."

ಮುನಾಫ್ ಬೂಟುಗಳನ್ನು ಬೋರಲು ಹಿಡಿದು ಮೈಲಿಗಲ್ಲಿಗೆ ಕುಟ್ಟಿದ. ಒಳಗೆ ಬಗ್ಗಿ ನೋಡಿದ. ಮತ್ತೊಮ್ಮೆ ಕುಟ್ಟಿ, ಹಾಕಿಕೊಂಡ.