ಶನಿವಾರ ಕೆಡುವ ರೇಡಿಯೋಗಳು

ನಶ್ಯ, ಇಸ್ಪೀಟು, ಕಾಫಿ ಈ ಮೂರನ್ನೂ ಹಿಂದೆ ಹಾಕುವ ಚಟ ಒಂದಿದೆ. ತನಗೆ ಗೊತ್ತಿರುವುದನ್ನು ಇನ್ನೊಬ್ಬರಿಗೆ ಹೇಳಿಕೊಡುವ ಚಟ. ನಶ್ಯದವನು ಮೂಲೆಯಲ್ಲಿ ಒಬ್ಬನೇ ಕೂತು ಸೀನಿಕೊಳ್ಳಬಹುದು. ಹೇಳಿಕೊಡುವವನಿಗೆ ಹಾಗಲ್ಲ, ಎದುರಿಗೊಬ್ಬರು ಬೇಕು. ಅವರಿಗೆ ಆ ವಿಷಯ ಗೊತ್ತಿರಬಾರದು, ಅರ್ಧಕ್ಕೆ ಎದ್ದೂ ಹೋಗಬಾರದು. ನನ್ನ ಹೆಂಡತಿ ಲಲಿತ ಎದ್ದು ಹೋಗುತ್ತಾಳೆ. 'ಟ್ರಾನ್ಸಿಸ್ಟರ್ ಅಂದರೆ ಏನು ಗೊತ್ತಾ?' ಎಂದು ನಾನು ಶುರು ಮಾಡಿದರೆ ಸಾಕು, ಅವಳಿಗೆ ಒಲೆಯ ಮೇಲೆ ಏನೋ ಸೀದ ವಾಸನೆ ಬರುತ್ತದೆ. ಒಲೆಯೇ ಹಚ್ಚಿರದ ಹೊತ್ತಿನಲ್ಲೂ ಬಂದದ್ದುಂಟು.

ಆಗ ನಾನು ಅರಸೀಕೆರೆ ರೈಲು ನಿಲ್ದಾಣದ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತ. ಕೊಬ್ಬರಿ ಮೂಟೆ ಬಂತು ಎಂದು ಬರೆಯುವುದು, ಕೊಬ್ಬರಿ ಮೂಟೆ ಹೋಯಿತು ಎಂದು ಬರೆಯುವುದು, ಇಷ್ಟೇ ಕೆಲಸ. ಇಡೀ ದಿನದಲ್ಲಿ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. 'ಸಾರ್, ಇಲ್ಲೊಂದು ಸಹಿ' ಅನ್ನುವುದನ್ನು ಕೇಳುವುದು ಅನ್ನಲಾದೀತೇ? ಈ ಬೇಸರಕ್ಕೇ ನಾನು ಅಂಚೆಯ ಮೂಲಕ ರೇಡಿಯೋ ರಿಪೇರಿ ಕಲಿತೆ. ಊರಲ್ಲಿ ರೇಡಿಯೋ ಕೆಟ್ಟರೆ ಆಗ ಹಾಸನಕ್ಕೆ ಹೊತ್ತುಕೊಂಡು ಹೋಗಬೇಕಿತ್ತು. ಹೋದ ರೇಡಿಯೋ ತವರಿಗೆ ಹೋದ ಹೊಸ ಸೊಸೆಯ ಹಾಗೆ ಬೇಗ ತಿರುಗಿ ಬರುತ್ತಿರಲಿಲ್ಲ. ಅದಕ್ಕೆ, ಆಸಕ್ತಿ ಇದ್ದವರೆಲ್ಲ ಭಾನುವಾರ ನಮ್ಮ ಮನೆಯ ಹಜಾರದಲ್ಲಿ ಚಾಪೆ ಹಾಕಿಕೊಂಡು ಕೂತು, ಒಬ್ಬರಿಗೊಬ್ಬರು ಹೇಳಿಕೊಟ್ಟು ಕಲಿಯೋಣ ಎಂದೆ. 'ಇಲ್ಲಿ ಗುರು ಯಾರೂ ಇಲ್ಲ, ಶಿಷ್ಯ ಯಾರೂ ಇಲ್ಲ. ಗೊತ್ತಿದ್ದವರು ಹೇಳೋದು, ಉಳಿದವರು ಕೇಳೋದು' ಎಂದು ಮೊದಲ ದಿನವೇ ಸಾರಿದೆ. ಆ ಸಾರುವ ಭಾಷಣವೇ ಮಧ್ಯಾಹ್ನದ ಊಟದವರೆಗೆ ನಡೆಯಿತು.

ಹಲವರು ಬಂದರು, ಹಲವರು ಬಿಟ್ಟರು, ಕೊನೆಗೆ ಗಟ್ಟಿಯಾಗಿ ಉಳಿದವರು ಮೂವರು. ಬೇಲೂರಿನ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಜಯಣ್ಣ. ದಾರಿಯ ಊರುಗಳ ಕೆಟ್ಟ ರೇಡಿಯೋಗಳನ್ನೆಲ್ಲ ತನ್ನ ಸೀಟಿನ ಕೆಳಗೆ ತುಂಬಿಕೊಂಡು ತರುತ್ತಿದ್ದ. ನಮ್ಮ ಬೀದಿಯ ಕೊನೆಯ ಸೈಕಲ್ ಷಾಪಿನ ಸಾದಿಕ್. ಮೂರನೆಯವರು ಹಳೇಬೀಡಿನ ಬಟ್ಟೆ ವ್ಯಾಪಾರಿ ಪದ್ಮರಾಜಯ್ಯ, ನನಗಿಂತ ಹಿರಿಯರು. ಜೈನರಾದ್ದರಿಂದ ಕತ್ತಲಾಗುವ ಮುಂಚೆ ಊಟ ಮುಗಿಸಬೇಕು, ಅದಕ್ಕೆ ನಾಲ್ಕರ ಬಸ್ಸನ್ನು ಅವರು ಎಂದೂ ತಪ್ಪಿಸುತ್ತಿರಲಿಲ್ಲ. ಅವರಿಗಾಗಿ ಲಲಿತ ಭಾನುವಾರದ ಅವಲಕ್ಕಿಗೆ ಈರುಳ್ಳಿ ಹಾಕುವುದನ್ನೇ ಬಿಟ್ಟಿದ್ದಳು.

ಕಲಿಸುವವನ ದುರದೃಷ್ಟವೆಂದರೆ ಎದುರಿಗಿದ್ದವರು ಕಲಿತುಬಿಡುತ್ತಾರೆ. ಎರಡು ವರ್ಷವಾಗುವಷ್ಟರಲ್ಲಿ ನಮ್ಮ ಸುತ್ತಲಿನ ರೇಡಿಯೋಗಳೆಲ್ಲ ಒಂದೇ ಸಮ ಹಾಡತೊಡಗಿದವು. ಒಂದು ಭಾನುವಾರ ಚಾಪೆಯ ಮೇಲೆ ನಾಲ್ವರು ಕೂತಿದ್ದೇವೆ, ನಡುವೆ ಒಂದೂ ಕೆಟ್ಟ ಸೆಟ್ಟಿಲ್ಲ. ಅವಲಕ್ಕಿ ತಿಂದೆವು. ಮಳೆಯ ಮಾತಾಡಿದೆವು. 'ಇನ್ನೇನಪ್ಪ, ನಿಮಗೆಲ್ಲ ಬಂತಲ್ಲ. ನಿಲ್ಲಿಸಿಬಿಡೋಣ' ಎಂದೆ. ಸಲೀಸಾಗಿ ಹೇಳಬೇಕೆಂದುಕೊಂಡ ಮಾತು, ಕೊನೆಯಲ್ಲಿ ಕಣ್ಣು ಒರೆಸಿಕೊಳ್ಳಬೇಕಾಯಿತು. ಧೂಳು ಎಂದೆ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗಿತ್ತು. ಭಾನುವಾರವೂ ಹೋದರೆ ವಾರದ ಏಳು ದಿನವೂ ನಾನು ಕೊಬ್ಬರಿ ಮೂಟೆಯ ಗುಮಾಸ್ತನಷ್ಟೇ.

ದೇವರು ದೊಡ್ಡವನು. ಮುಂದಿನ ಭಾನುವಾರವೇ ಮೂರು ಸೆಟ್ಟು ಕೆಟ್ಟು ಬಂದವು. ಅದರ ಮುಂದಿನ ವಾರ ಇನ್ನೆರಡು. ಎಲ್ಲದರಲ್ಲೂ ಒಂದೇ ರೋಗ: ಯಾವುದೋ ಒಂದು ತಂತಿಯ ಬೆಸುಗೆ ಬಿಟ್ಟಿರುತ್ತಿತ್ತು. 'ಸಾರ್, ಇದ್ಯಾಕೋ ಹಾಡ್ತಾ ಇಲ್ಲ ನೋಡಿ, ನಮ್ಮ ತಲೆಗೆ ಹತ್ತಾಕಿಲ್ಲ' ಎಂದು ಜಯಣ್ಣ ಕೈಮುಗಿಯುವುದೊಂದೇ ಬಾಕಿ. ನಾನು ಯೋಚಿಸಿ ಯೋಚಿಸಿ ಒಂದು ಸಿದ್ಧಾಂತ ಕಟ್ಟಿದೆ. ಜಾವಗಲ್ಲಿನ ಆಚೆ ರಸ್ತೆ ಕೆಟ್ಟಿದೆ, ಬಸ್ಸು ಕುಲುಕುತ್ತದೆ, ಬೆಸುಗೆ ಬಿಡುತ್ತದೆ. ಸಾದಿಕನ ಸೆಟ್ಟು ಬಸ್ಸನ್ನೇ ಹತ್ತಿರಲಿಲ್ಲವಲ್ಲ ಎಂಬ ತೊಡಕಿತ್ತು. ಅದಕ್ಕೆ ಸೈಕಲ್ ಷಾಪಿನ ಸುತ್ತಿಗೆ ಪೆಟ್ಟನ್ನು ಸೇರಿಸಿಕೊಂಡೆ. ಮೂವರೂ ತಲೆದೂಗಿ ಕೇಳಿದರು. 'ಎಂಥ ಬುದ್ಧಿ ಸಾರ್ ನಿಮ್ದು' ಎಂದ ಸಾದಿಕ್. ಹೀಗೇ ಒಂದು ವರ್ಷ ಸುಖವಾಗಿ ಕಳೆಯಿತು.

ಆಮೇಲೆ ಒಂದು ಶನಿವಾರ ರಜೆ ಹಾಕಿ, ಲಲಿತಳನ್ನು ಕರೆದುಕೊಂಡು ಹಳೇಬೀಡಿಗೆ ಹೋದೆ. ದೇವಸ್ಥಾನ ನೋಡಿಕೊಂಡು, ಹೇಳದೆ ಕೇಳದೆ ಪದ್ಮರಾಜಯ್ಯನವರ ಮನೆಗೆ ನುಗ್ಗಿದೆವು. ಅವರು ಅಂಗಡಿಯಲ್ಲಿದ್ದರು. ಅವರ ಹೆಂಡತಿ ಚಂದ್ರಮತಮ್ಮ ಯಾರು, ಏನು ಎಂದೂ ಕೇಳದೆ ಸಡಗರದಿಂದ ಕೂರಿಸಿ ಪಾನಕ ಕೊಟ್ಟರು. ಗೂಡಿನಲ್ಲಿ ರೇಡಿಯೋ ಜೋರಾಗಿ ಹಾಡುತ್ತಿತ್ತು. ಆಹಾ, ಹೋದ ವಾರ ನಾನೇ ಸರಿ ಮಾಡಿದ್ದು ಎಂದು ಹಿಗ್ಗಿದೆ.

'ಈಗ್ಲೇ ಕೇಳ್ಬಿಡಿ ಕಣ್ರೀ' ಎಂದರು ಆ ಮಹಾತಾಯಿ. 'ಸಂಜೆಗೆ ನಮ್ಮನೆಯವರು ಬಂದು ಕೆಡಿಸ್ತಾರೆ.'

'ಕೆಡಿಸ್ತಾರೆ ಅಂದ್ರೆ?'

'ಶನಿವಾರ ಬಂತು ಅಂದ್ರೆ ಬಿಚ್ಚಿ ಯಾವ್ದೋ ತಂತಿ ಕೀಳೋದು, ಭಾನುವಾರ ಬಗಲಲ್ಲಿ ಇಟ್ಕೊಂಡು ಅರಸೀಕೆರೆಗೆ ಹೋಗೋದು. ಅಲ್ಲಿ ಯಾರೋ ಒಬ್ರು ಇದ್ದಾರಂತೆ, ಪಾಪ, ರಿಪೇರಿ ಮಾಡಿ ಪಾಠ ಹೇಳ್ದಿದ್ರೆ ಅವ್ರಿಗೆ ಊಟ ಸೇರಲ್ವಂತೆ. ಕಂಡಕ್ಟರ್ರೂ ಸೈಕಲ್ ಷಾಪಿನೋರೂ ಇವ್ರ ಜೊತೆ ಸೇರ್ಕೊಂಡಿದ್ದಾರೆ. ಅಂದ ಹಾಗೆ ನೀವು ಯಾವೂರಿನೋರು?'

'ಬೇಲೂರು' ಎಂದುಬಿಟ್ಟೆ. ಲಲಿತ ಪಾನಕದ ಲೋಟದೊಳಗೇ ನಕ್ಕಳು.

ತಿರುಗಿ ಬರುವ ಬಸ್ಸಿನಲ್ಲಿ ನನಗೆ ಮೊದಲು ಬಂದದ್ದು ಸಿಟ್ಟು. ಇವರ ಮನೆ ಹಾಳಾಗ, ನನ್ನ ಸಿದ್ಧಾಂತ ಕೇಳಿಕೊಂಡು ಹೇಗೆ ತಲೆದೂಗಿದರು! ನಾಳೆಯೇ ಚಾಪೆ ಸುತ್ತಿ ಅಟ್ಟಕ್ಕೆಸೆಯುತ್ತೇನೆ ಎಂದೆ. ಲಲಿತ ಹೇಳಿದಳು: 'ಅಲ್ರೀ, ಚೆನ್ನಾಗಿರೋದನ್ನ ಕೆಡಿಸ್ಕೊಂಡು, ಬಸ್ಸಲ್ಲಿ ಹೊತ್ಕೊಂಡು ಬರ್ತಾರಲ್ಲ ನಿಮ್ಮ ಮಾತು ಕೇಳಕ್ಕೆ. ನಿಮ್ಮ ಮೇಲೆ ಅಷ್ಟು ಪ್ರೀತಿ ನನಗೂ ಇದೆಯೋ ಇಲ್ವೋಪ್ಪ.' ನಾನು ಕಿಟಕಿಯ ಕಡೆ ತಿರುಗಿ ಕೂತೆ. ಕಣ್ಣು ತುಂಬಿ ಬಂದಿತ್ತು. ಈ ಸಲ ಧೂಳು ಎನ್ನಲೂ ಬಾಯಿ ಬರಲಿಲ್ಲ.

ಮನೆಗೆ ಬಂದವನೇ ಒಂದು ಉಪಾಯ ಮಾಡಿದೆ. ಇಷ್ಟು ದಿನ ಅವರು ನನಗೆ ಕೊಟ್ಟ ಸುಖವನ್ನು ಅವರಿಗೂ ಒಂದು ದಿನ ಕೊಡಬೇಕು, ನಾನು ಗೊತ್ತಿಲ್ಲದವನಾಗಿ ಕೂರಬೇಕು. ನಮ್ಮ ಮನೆಯ ರೇಡಿಯೋ ಬಿಚ್ಚಿ, ಸ್ಪೀಕರಿಗೆ ಹೋಗುವ ಕೆಂಪು ತಂತಿಯನ್ನು ಕಿತ್ತಿಟ್ಟೆ. ಕಣ್ಣಿದ್ದವರಿಗೆಲ್ಲ ಕಾಣುವ ಜಾಗ.

ಭಾನುವಾರ, ಪದ್ಮರಾಜಯ್ಯನವರು ತಂದ ಸೆಟ್ಟನ್ನು ಬದಿಗೆ ಸರಿಸಿ ನಮ್ಮದನ್ನು ಚಾಪೆಯ ನಡುವೆ ಇಟ್ಟು, 'ನನಗಂತೂ ಗೊತ್ತಾಗ್ತಿಲ್ಲ. ನೀವೇ ಹೇಳ್ಬೇಕು' ಎಂದೆ. ಮೂವರೂ ಬಗ್ಗಿ ನೋಡಿದರು. ಸಾದಿಕ್ ತಂತಿ ನೋಡಿದ, ನನ್ನ ಮುಖ ನೋಡಿದ, 'ಬ್ಯಾಟರಿ ಸರಿ ಐತಾ ಸಾರ್?' ಎಂದ. ಪದ್ಮರಾಜಯ್ಯ ಕನ್ನಡಕ ತೆಗೆದು ಒರೆಸಿ, ತಂತಿಯಿಲ್ಲದ ಕಡೆಯೇ ಹುಡುಕತೊಡಗಿದರು. ಜಯಣ್ಣ ನಿಟ್ಟುಸಿರು ಬಿಟ್ಟು, 'ಭಾರೀ ಕಷ್ಟದ ಕೇಸು ಸಾರ್. ನಮ್ಮ ಕೈಲಿ ಆಗಾಕಿಲ್ಲ. ನೀವೇ ನೋಡ್ಬೇಕು' ಎಂದ. 'ಇಲ್ಲಪ್ಪ, ನೀವೇ.' 'ಇಲ್ಲ ಸಾರ್, ನೀವೇ.' ಕೆಂಪು ತಂತಿ ನಾಲ್ವರ ಮೂಗಿನ ಕೆಳಗೆ ನೇತಾಡುತ್ತಿದೆ, ಒಬ್ಬರೂ ಅದರ ಹೆಸರೆತ್ತುವುದಿಲ್ಲ. ಅಷ್ಟರಲ್ಲಿ ಒಳಗಿನಿಂದ ಲಲಿತ ಬಂದಳು. ಅವಳಿಗೆ ಮಧ್ಯಾಹ್ನದ ರೇಡಿಯೋ ನಾಟಕದ ಹೊತ್ತಾಗಿತ್ತು.

'ನಿನ್ನೆ ಸಾಯಂಕಾಲ ನೀವೇ ಕಿತ್ತ ತಂತಿ ಅದೇ ತಾನೇ?' ಎಂದಳು. 'ಯಾರಾದ್ರೂ ಒಬ್ರು ಹಚ್ರೀ, ನಾಟಕ ಹೋಗುತ್ತೆ!'

ಮೊದಲು ನಕ್ಕವರು ಪದ್ಮರಾಜಯ್ಯ, ಹೊಟ್ಟೆ ಹಿಡಿದುಕೊಂಡು. 'ಹಾಗಾದ್ರೆ ನೆನ್ನೆ ನಮ್ಮನೇಗೆ ಬಂದಿದ್ದ ಬೇಲೂರಿನೋರು ನೀವೇನಾ?' ಎಂದರು. ಸಾದಿಕ್ ಮುಖ ಮುಚ್ಚಿಕೊಂಡ. 'ತಪ್ಪು ತಿಳ್ಕಾಬ್ಯಾಡಿ ಸಾರ್' ಎಂದ ಜಯಣ್ಣ. 'ಆವತ್ತು ನಿಲ್ಸಾಣ ಅಂದ್ರಲ್ಲ, ನಿಮ್ಮ ಮುಖ ನೋಡಕ್ಕಾಗ್ಲಿಲ್ಲ.'

ನಾನು ಬೆಸುಗೆ ಕಡ್ಡಿಯನ್ನು ಜಯಣ್ಣನ ಕೈಗೆ ಕೊಟ್ಟೆ. ಅವನು ಸರಿಯಾಗಿ ಕೂತು, ಗಂಟಲು ಸರಿಮಾಡಿಕೊಂಡು ನನಗೇ ಪಾಠ ಶುರು ಮಾಡಿದ. 'ನೋಡಿ ಸಾರ್, ಮೊದ್ಲು ಜಾಗ ಕ್ಲೀನ್ ಮಾಡ್ಬೇಕು. ಆಮೇಲೆ ತುದಿ ಕಾಯ್ಸಬೇಕು...'

'ಅಲ್ಲಪ್ಪ, ತುದಿ ಯಾಕೆ ಕಾಯಿಸ್ಬೇಕು ಅಂತ ಮೊದಲು ಹೇಳ್ಬೇಕಲ್ವಾ? ಅದರ ತತ್ವ ಏನಪ್ಪಾ ಅಂದ್ರೆ...' ಎಂದೆ.

ಜಯಣ್ಣ ಕಡ್ಡಿಯನ್ನು ಕೆಳಗಿಟ್ಟ. 'ಸಾರ್, ಎರಡು ನಿಮಿಷ ಸುಮ್ಕಿರಿ. ನಿಮಗೋಸ್ಕರ ನಾವು ಒಂದು ವರ್ಷ ಸುಮ್ಕಿರ್ಲಿಲ್ವಾ?'

ಸುಮ್ಮನಾದೆ. ಒಂದೂವರೆ ನಿಮಿಷವಾದರೂ ಸುಮ್ಮನಿದ್ದೆನೆಂದು ನನ್ನ ನಂಬಿಕೆ. ಲಲಿತ ಅದನ್ನೂ ಒಪ್ಪುವುದಿಲ್ಲ.