ಐವತ್ತು ವರ್ಷ ಅಳಿಯದ ಅಕ್ಷರ

ಬೋರ್ಡು ಬರೆಯುವ ಪೇಂಟರಿಗೆ ಒಂದು ಪದ್ಧತಿಯಿತ್ತು: ಬರೆಯಬೇಕಾದದ್ದನ್ನು ಮೊದಲೇ ಓದುವುದಿಲ್ಲ. ಓದಿದರೆ ಕಣ್ಣು ಮುಂದೋಡಿ ಒತ್ತಕ್ಷರ ತಪ್ಪುತ್ತದೆ, ಅಕ್ಷರ ನೋಡಿ ಅಕ್ಷರ ಇಳಿಸಬೇಕು ಎನ್ನುವುದು ಅವನ ವೃತ್ತಿಧರ್ಮ. ಹಾಗಾಗಿ ದೇವಸ್ಥಾನದ ಅಧ್ಯಕ್ಷರಾದ ನಿವೃತ್ತ ಮೇಷ್ಟ್ರು ಗೋಡೆಯ ಮೇಲೆ ಬರೆಯಲು ಕೊಟ್ಟ ಸ್ಥಳಪುರಾಣದ ಹಾಳೆ ಎರಡು ದಿನ ಅವನ ಅಂಗಿಯ ಜೇಬಿನಲ್ಲೇ ಇತ್ತು. ಮೂರನೆಯ ದಿನ ಬೆಳಗ್ಗೆ ಹೆಂಡತಿ ಆ ಅಂಗಿ ಒಗೆದಳು.

"ಜೇಬು ನೋಡ್ಬಾರ್ದಿತ್ತಾ?" ಎಂದ, ಮುದ್ದೆಯಾದ ಹಾಳೆ ಹಿಡಿದು.

"ನಿಮ್ಮ ಜೇಬಲ್ಲಿ ಏನಾದ್ರೂ ಇರುತ್ತೆ ಅಂತ ಯಾರು ಕನಸು ಕಂಡಿದ್ರು? ಊರೋರ ಹೆಸರೆಲ್ಲಾ ಬರೆದ್ರಿ. ನಿಮ್ಮ ಮನೆತನದ ಸುದ್ದಿ ಒಂದು ಗೋಡೆ ಮೇಲಾದ್ರೂ ಇದ್ಯಾ?"

ಮಾತು ನಾಟಿತು. ಈ ಗೋಡೆಯ ಮೂಲೆಯಲ್ಲಾದರೂ ತನ್ನ ಹೆಸರು ಹಾಕಿಕೊಳ್ಳಬೇಕೆಂಬುದೇ ಅವನ ಆಸೆ. ಇನ್ನೊಂದು ಹಾಳೆ ಕೇಳುವಂತಿರಲಿಲ್ಲ. ನಿನ್ನೆ ಮೇಷ್ಟ್ರು, "ಓದಿದ್ರಾ? ಸಂತೋಷ ಆಯ್ತಾ?" ಎಂದಾಗ, "ಕಣ್ಣಲ್ಲಿ ನೀರು ಬಂತು ಸಾರ್" ಎಂದುಬಿಟ್ಟಿದ್ದ. ಅಂದೇ ಸಂಜೆ ನಾಲ್ಕಕ್ಕೆ ಅನಾವರಣ ಬೇರೆ.

ಧೈರ್ಯಗೆಡುವ ಆಸಾಮಿಯಲ್ಲ ಅವನು. ದೇವಸ್ಥಾನದ ಬಾಗಿಲಲ್ಲಿ ಹೂ ಮಾರುವ ಅಕ್ಕನನ್ನು ವಿಚಾರಿಸಿದ.

"ಬೇಟೆಗೆ ಬಂದ ರಾಜ ದಾರಿ ತಪ್ಪಿದ್ನಂತೆ" ಎಂದಳು ಹೂವಿನಕ್ಕ, ಆಗಷ್ಟೇ ರಾಜನನ್ನು ಬೀಳ್ಕೊಟ್ಟು ಬಂದವಳಂತೆ.

"ಕಲ್ಲೊಳಗಿಂದ ದೇವರು ಕೂಗಿದ್ರಂತೆ" ಎಂದು ಎದುರಂಗಡಿಯ ಟೈಲರ್ ಹೊಲಿಗೆ ಹಾಕಿದ.

ಪಕ್ಕದ ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಹೊರಬಂದ. "ಪುರಾಣ ಅಂದ್ಮೇಲೆ ಒಬ್ಬ ಪಾಪಿ ಬೇಡ್ವಾ? ದೇವರು ಅಂತ ಗೊತ್ತಿಲ್ದೆ ಕಲ್ಲಿಗೆ ಅವಮಾನ ಮಾಡ್ದೋನು?"

"ಒಬ್ಬ ಟೈಲರ್ ಅಂತ ಬರೀಲಾ?" ಎಂದ ಪೇಂಟರ್.

"ಬರಿ ನೋಡೋಣ! ನಿನ್ನ ಪ್ಯಾಂಟು ಇನ್ನೂ ನನ್ನ ಹತ್ರಾನೇ ಇದೆ."

ಕ್ಷೌರಿಕ ಕತ್ತರಿ ಆಡಿಸಿದ. ಹೂವಿನಕ್ಕ ಬುಟ್ಟಿಯಿಂದ ತಲೆಯೆತ್ತಿ ನೋಡಿದ ನೋಟವೇ ಸಾಕಾಗಿತ್ತು. ಉಳಿದದ್ದು ಒಂದೇ ಕಸುಬು. ಪೇಂಟರ್ ಏಣಿ ಹತ್ತಿ, ನಾಲ್ಕು ಬೆರಳಗಲದ ಕೆಂಪಕ್ಷರದಲ್ಲಿ ಬರೆದ: 'ಒಬ್ಬ ಮೂರ್ಖ ಬಣ್ಣಗಾರನು ಈ ಕಲ್ಲಿಗೆ ದಿನವೂ ಕುಂಚ ಒರೆಸುತ್ತಿದ್ದನು. ದೇವರು ಕೂಗಿದ ಮೇಲೆ, ರಾಜನು ಆತನ ಕಿವಿ ಹಿಂಡಿ ಆತನಿಂದಲೇ ಗುಡಿ ಕಟ್ಟಿಸಿದನು.'

ನಾಲ್ಕಕ್ಕೆ ಪರದೆ ಸರಿಯಿತು. ಮೇಷ್ಟ್ರು ಓದಿದರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. ಪೇಂಟರ್ ಏಣಿಯ ಮರೆಗೆ ಸರಿದ.

"ಎಂಥಾ ಸತ್ಯಸಂಧರಪ್ಪಾ ನೀವು!" ಎಂದರು ಮೇಷ್ಟ್ರು, ಗದ್ಗದರಾಗಿ. "ಕಲ್ಲು ಗುರುತಿಸಿ ಗುಡಿ ಕಟ್ಟಿಸಿದ ಪುಣ್ಯಾತ್ಮ ಬಣ್ಣಗಾರ ನಿಮ್ಮ ತಾತ ಅಂತ ಹಳೇ ಕಾಗದ ಹುಡುಕಿ ಬರ್ಕೊಟ್ಟಿದ್ದೆ. ರಾಜ ಕಿವಿ ಹಿಂಡಿದ್ದು ನಮಗೇನು ಗೊತ್ತು? ಮನೆಯವರಿಗೇ ಗೊತ್ತಿರೋದು. ಸ್ವಂತ ತಾತನ ತಪ್ಪನ್ನೂ ಮುಚ್ಚಿಡಲಿಲ್ಲ ನೀವು!"

ಪೇಂಟರ್ ಬಣ್ಣದ ಡಬ್ಬಿಗೆ ಕೈಹಾಕಿದ. "ಸಾರ್... ಅಳಿಸಿ ಬೇರೆ ಬರೀಲಾ?"

"ಛೆ ಛೆ! ಐವತ್ತು ವರ್ಷ ಅಳಿಯಲ್ಲ ಅಂತ ನೀವೇ ಗ್ಯಾರಂಟಿ ಕೊಟ್ಟಿದ್ದೀರಿ. ಮೂಲೇಲಿ ನಿಮ್ಮ ಹೆಸರಿಗೂ ಒಪ್ಪಿಗೆ. ಕುಂಚ ತಗೊಳ್ಳಿ, ನಾನೇ ಹೇಳ್ತೀನಿ."

ಊರೆಲ್ಲ ನೋಡುತ್ತಿತ್ತು. ಪೇಂಟರ್ ಎಂದಿನಂತೆ ಒಂದು ಒತ್ತಕ್ಷರವೂ ತಪ್ಪದಂತೆ ಬರೆದ: 'ಬರೆದವರು, ಸದರಿ ಮೂರ್ಖನ ಮೊಮ್ಮಗ.'

ಗುಂಪಿನಿಂದ ಹೆಂಡತಿಯ ದನಿ ಕೇಳಿಸಿತು: "ಅಂತೂ ನಿಮ್ಮ ಮನೆತನ ಗೋಡೆ ಹತ್ತಿತಲ್ಲ!"