ಕೆಂಪು ಗುರುತು ಬೀಳದ ಎರಡು ನಟ್ಟು

ಹೊಸ ವಸ್ತುವನ್ನು ಕಂಪನಿಯವರು ಬಿಗಿದುಕೊಟ್ಟ ಹಾಗೆಯೇ ಬಳಸುವ ಅಮಾಯಕರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ಫ್ಯಾನಾಗಲಿ ಕುಕ್ಕರಾಗಲಿ, ನಮ್ಮ ಹೊಸ್ತಿಲು ದಾಟಿದ ಮೇಲೆ ಅದರ ಒಂದೊಂದು ನಟ್ಟನ್ನೂ ನಾನು ಸಡಿಲಿಸಿ, ಎಣ್ಣೆ ಬಿಟ್ಟು, ಮತ್ತೆ ಬಿಗಿದು, ಕೆಂಪು ಸೀಮೆಸುಣ್ಣದಲ್ಲಿ ಸರಿ ಗುರುತು ಹಾಕಲೇಬೇಕು. (ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ, ಸುಮ್ಮನಿರು ಎಂದರೆ ಇರುವುದಿಲ್ಲ.)

ಈ ಸಲ ಬಂದದ್ದು ಎಟಿವಿ. ಕಲ್ಲು, ಕೆಸರು, ಏರು ಒಂದನ್ನೂ ಲೆಕ್ಕಿಸದ ನಾಲ್ಕು ದಪ್ಪ ಚಕ್ರದ ಗಾಡಿ. ಕೊಂಡದ್ದು ನನ್ನ ಶೋಕಿಗಲ್ಲ. ಮನೆಯ ಹಿಂದಿನ ಗುಡ್ಡದ ನೆತ್ತಿಯಲ್ಲಿ ನನ್ನವಳ ಹನ್ನೊಂದು ಜೇನುಪೆಟ್ಟಿಗೆಗಳಿವೆ. ಮಂಡಿನೋವು ಹಿಡಿದು ಆರು ತಿಂಗಳಿಂದ ಅವಳು ಅತ್ತ ಹೋಗಿಲ್ಲ. ನಾನೇ ನೋಡಿಬಂದು ವರದಿ ಒಪ್ಪಿಸುತ್ತಿದ್ದೆ. ಅವಳು ಎಲ್ಲ ಕೇಳಿಸಿಕೊಂಡು, ಹಿತ್ತಲ ಬಾಗಿಲಲ್ಲಿ ನಿಂತು ಗುಡ್ಡವನ್ನೇ ನೋಡುತ್ತಿದ್ದಳು. ಅದನ್ನು ನೋಡಲಾರದೆ ಕೊಂಡೆ.

ಗಾಡಿ ಅಂಗಳದಲ್ಲೇ ತೂರಾಡಿತು! ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಚಕ್ರ ಸ್ವಲ್ಪ ಯೋಚಿಸಿ ಆಮೇಲೆ ತಿರುಗುತ್ತಿತ್ತು. ಇದರಲ್ಲಿ ಅವಳನ್ನು ಕೂರಿಸಿಕೊಂಡು ಗುಡ್ಡ ಹತ್ತಲು ನನಗೆ ನಿಜಕ್ಕೂ ಭಯವಾಯಿತು. ಟೈರಿನ ಗಾಳಿ ನೋಡಿದೆ, ಹ್ಯಾಂಡಲಿನ ಬುಡ ಅಲ್ಲಾಡಿಸಿದೆ. ಎಲ್ಲ ಸರಿಯಿತ್ತು.

"ರೀ, ನೀವು ಬಿಚ್ಚಿದ್ರಲ್ಲ, ಅದರಲ್ಲೇ ಏನಾದ್ರೂ..."

"ನಾನು ಬಿಗಿದಿದ್ದು ಸಡಿಲ ಆಗುತ್ತೇನೇ? ಇದು ಹುಟ್ಟುದೋಷ!"

ಕಂಪನಿಗೆ ನಾಲ್ಕು ಪುಟದ ಪತ್ರ ಜಡಿದೆ. 'ನಟ್ಟು ಬಿಗಿಯುವಾಗ ತಮ್ಮ ನೌಕರರ ಚಿತ್ತ ಎಲ್ಲಿತ್ತೆಂದು ಲಿಖಿತ ವಿವರಣೆ ನೀಡತಕ್ಕದ್ದು.' ವಾರದಲ್ಲಿ ಮೆಕ್ಯಾನಿಕ್ ಬಂದ, ಪತ್ರ ಜೇಬಿನಲ್ಲಿಟ್ಟುಕೊಂಡೇ. ಗಾಡಿಯ ಮುಂಭಾಗ ಎತ್ತಿ ನಿಲ್ಲಿಸಿ, ಚಕ್ರವನ್ನು ಎರಡೂ ಬದಿ ಹಿಡಿದು ಅಲುಗಿಸಿದ. ಚಕ್ರ ಕುಣಿಯಿತು, ಹ್ಯಾಂಡಲ್ ಮಿಸುಕಲಿಲ್ಲ. ಕೆಳಗೆ ಬಗ್ಗಿ ನೋಡಿದ.

"ಸರ್, ಎಲ್ಲಾ ನಟ್ಟಿಗೂ ಕೆಂಪು ಗುರುತು ಇದೆ. ಸ್ಟಿಯರಿಂಗ್ ಕಂಬೀನ ಚಕ್ರಕ್ಕೆ ಹಿಡಿಸೋ ಈ ಎರಡಕ್ಕೆ ಮಾತ್ರ ಇಲ್ಲ. ಬರೀ ಎಣ್ಣೆ ಇದೆ. ಯಾರು ಸಡಿಲಿಸಿದ್ದು?"

ನನಗೆ ಎಲ್ಲ ನೆನಪಾಯಿತು. "ಆಗ ಊಟಕ್ಕೆ ಕರೆದಿದ್ದು ನೀನೇ," ಎಂದೆ ಹೆಂಡತಿಗೆ.

"ಮೂರು ಸಲ ಕರೆದೆ. ನಾಲ್ಕನೇದಕ್ಕೆ ಬಂದ್ರಿ."

ಮೆಕ್ಯಾನಿಕ್ ಎರಡು ನಿಮಿಷದಲ್ಲಿ ಬಿಗಿದು ಮುಗಿಸಿದ. ಹೊರಡುವಾಗ ಪತ್ರ ತೆಗೆದು ವಿನಯದಿಂದ ಕೇಳಿದ: "ಲಿಖಿತ ವಿವರಣೆ ಈಗ ಯಾರು ಕೊಡ್ಬೇಕು ಸರ್?"

ಗುಡ್ಡ ಹತ್ತುವಾಗ ಓಡಿಸಿದವಳು ಅವಳು. ನಾನು ಹಿಂದೆ ಕಣ್ಣುಮುಚ್ಚಿ ಕುಳಿತಿದ್ದೆ. ಮೇಲೆ ಇಳಿದವಳೇ ಒಂದೊಂದು ಪೆಟ್ಟಿಗೆಯನ್ನೂ ಕೈಯಿಂದ ಸವರುತ್ತಾ ಹೋದಳು. ಕೊನೆಯದರ ಮುಂದೆ ನಿಂತುಬಿಟ್ಟಳು. ಹನ್ನೊಂದೂ ಮುಚ್ಚಳಗಳ ಮೇಲೆ ಕೆಂಪು ಸರಿ ಗುರುತು.

"ಇವನ್ನೂ ಬಿಚ್ಚಿದ್ರಾ?"

ನಾನು ತಲೆ ತಗ್ಗಿಸಿದೆ. ಅವಳು ನಕ್ಕಳು. ಆ ನಗು ಕೇಳಿ ಆರು ತಿಂಗಳಾಗಿತ್ತು. ನಗುತ್ತಲೇ ಗಾಡಿ ಏರಿ ಕೀಲಿ ತಿರುಗಿಸಿದಳು.

"ನೀವು ನಡ್ಕೊಂಡೇ ಬನ್ನಿ, ನಿಮ್ಮ ಮಂಡಿ ಗಟ್ಟಿಯಾಗಿದೆ. ದಾರೀಲಿ ಯಾವುದಾದ್ರೂ ನಟ್ಟು ಬಿದ್ದಿದ್ರೆ ಎತ್ಕೊಂಡು ಬನ್ನಿ."

ತಮಾಷೆಗೇ ಹೇಳಿದಳು. ಆದರೂ ಮನೆ ಮುಟ್ಟುವವರೆಗೆ ನಾನು ನೆಲದಿಂದ ಕಣ್ಣೆತ್ತಲಿಲ್ಲ. ಉಳಿದ ನಟ್ಟುಗಳನ್ನೆಲ್ಲ ಬಿಗಿದವನು ಯಾರೆಂದು ನನಗೆ ಗೊತ್ತಿತ್ತಲ್ಲ!